ಕರಿಕಲ್ಲಿನ ಗೋಡೆಯಿಂದ ಮನೆಗೆ ಬರುವ ಹೆಸರುಗಳು

ಯುದ್ಧದಲ್ಲಿ ಮಡಿದವನ ಸಮಾಧಿಯ ಫೋಟೊ ತೆಗೆದು ಅವನ ಮನೆಯವರಿಗೆ ಕಳುಹಿಸುವ ಪದ್ಧತಿ ವ್ಯವಸ್ಥಿತವಾಗಿ ಬೆಳೆದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಫ್ರಾನ್ಸ್, ಬೆಲ್ಜಿಯಂಗಳ ರಣರಂಗದಲ್ಲಿ ಸತ್ತ ಬ್ರಿಟಿಷ್ ಸೈನಿಕರ ದೇಹಗಳನ್ನು ಊರಿಗೆ ಒಯ್ಯಬಾರದೆಂದು 1915ರಲ್ಲಿ ತೀರ್ಮಾನವಾಯಿತು. ಮಗನ ಮುಖವನ್ನು ಕೊನೆಯ ಬಾರಿ ನೋಡುವ ಅವಕಾಶವೂ ಇಲ್ಲದ ತಾಯಂದಿರು ಮಣ್ಣು ಮಾಡಿದ ಜಾಗವನ್ನಾದರೂ ತೋರಿಸಿ ಎಂದು ಪತ್ರದ ಮೇಲೆ ಪತ್ರ ಬರೆದರು. ರೆಡ್ ಕ್ರಾಸ್ ತಂಡವೊಂದನ್ನು ನಡೆಸುತ್ತಿದ್ದ ಫೇಬಿಯನ್ ವೇರ್ ಸಮಾಧಿಗಳ ನೋಂದಣಿಯ ಜೊತೆಗೆ ಈ ಕೆಲಸವನ್ನೂ ಕೈಗೆತ್ತಿಕೊಂಡರು. ಮರದ ಶಿಲುಬೆಯ ಒಂದು ಚಿಕ್ಕ ಚಿತ್ರವನ್ನು ರಟ್ಟಿಗೆ ಅಂಟಿಸಿ, ಸೈನಿಕನ ಹೆಸರು, ದಳ, ಸಮಾಧಿ ಇರುವ ಜಾಗ ಮತ್ತು ಹತ್ತಿರದ ರೈಲು ನಿಲ್ದಾಣವನ್ನು ನಮೂದಿಸಿ ಅಂಚೆಗೆ ಹಾಕುತ್ತಿದ್ದರು. ನಿಲ್ದಾಣದ ಹೆಸರನ್ನು ಬರೆಯಲು ಮರೆಯದಿದ್ದ ಆ ಗುಮಾಸ್ತರ ಮನಸ್ಸು ದೊಡ್ಡದು. ಎಂದಾದರೊಂದು ದಿನ ಮನೆಯವರು ಬಂದೇ ಬರುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು.

ಅಮೆರಿಕದಲ್ಲೂ ಈ ವಾಡಿಕೆ ಬೆಳೆಯಿತು. ಹೊರದೇಶಗಳಲ್ಲಿರುವ ಅಮೆರಿಕನ್ ಸೈನಿಕ ಸ್ಮಶಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಆಯೋಗವು ಸಮಾಧಿಕಲ್ಲಿನ ಫೋಟೊವನ್ನು ಬಂಧುಗಳಿಗೆ ಕಳುಹಿಸಿಕೊಡುತ್ತದೆ. ನಾರ್ಮಂಡಿಯ ಸ್ಮಶಾನದಲ್ಲಿ ಬಿಳಿ ಅಮೃತಶಿಲೆಯಲ್ಲಿ ಕೊರೆದ ಹೆಸರು ಕ್ಯಾಮೆರಾಗೆ ಸರಿಯಾಗಿ ಕಾಣುವುದಿಲ್ಲ. ಅಲ್ಲಿನ ಸಿಬ್ಬಂದಿ ಒಮಾಹಾ ಕಡಲತೀರದಿಂದ ತಂದ ಒದ್ದೆ ಮರಳನ್ನು ಅಕ್ಷರಗಳಿಗೆ ತಿಕ್ಕಿ, ಕಲ್ಲಿನ ಮೇಲ್ಮೈಯನ್ನು ಒರೆಸುತ್ತಾರೆ. ಹೆಸರು ಹೊಂಬಣ್ಣದಲ್ಲಿ ಎದ್ದು ಕಾಣುತ್ತದೆ. ಆ ಸೈನಿಕರಲ್ಲಿ ಹಲವರು ಬಿದ್ದದ್ದು ಅದೇ ಮರಳಿನ ಮೇಲೆ.

ಇವೆಲ್ಲ ಸತ್ತವರ ಮನೆಯವರಿಗೆ ಸಲ್ಲುತ್ತಿದ್ದ ಫೋಟೊಗಳು. ಬದುಕಿ ಹಿಂತಿರುಗಿದ ಮಾಜಿ ಸೈನಿಕನಿಗಾಗಿ ಸ್ಮಾರಕದ ಫೋಟೊ ತೆಗೆದು ತಂದುಕೊಡುವ ವಾಡಿಕೆ ಎಲ್ಲಕ್ಕಿಂತ ಗಾಢವಾಗಿ ಬೇರೂರಿದ್ದು ವಾಷಿಂಗ್ಟನ್ ನಗರದ ವಿಯೆಟ್ನಾಂ ಯೋಧರ ಸ್ಮಾರಕದಲ್ಲಿ. ಅದಕ್ಕೆ ಕಾರಣ ಆ ಸ್ಮಾರಕವನ್ನು ಕಟ್ಟಿದ ರೀತಿಯಲ್ಲೇ ಇದೆ.

ವಿಯೆಟ್ನಾಂನಿಂದ ಮರಳಿದವರಿಗೆ ಸ್ವಾಗತ ದೊರೆಯಲಿಲ್ಲ. ಸೋತ ಯುದ್ಧ, ದೇಶವನ್ನು ಒಡೆದ ಯುದ್ಧ. ಅದರ ಮಾತೆತ್ತುವುದೇ ಬೇಡವೆಂದು ಊರಿಗೆ ಊರೇ ಸುಮ್ಮನಿತ್ತು. ಅಲ್ಲಿ ಗಾಯಗೊಂಡು ಬಂದಿದ್ದ ಜ್ಯಾನ್ ಸ್ಕ್ರಗ್ಸ್ 1979ರಲ್ಲಿ ಯುದ್ಧದ ಕುರಿತ ಸಿನಿಮಾವೊಂದನ್ನು ನೋಡಿ ನಿದ್ದೆಗೆಟ್ಟು, ಸತ್ತವರ ಹೆಸರನ್ನೆಲ್ಲ ಒಂದೆಡೆ ಬರೆಸಬೇಕೆಂದು ನಿಶ್ಚಯಿಸಿದರು. ಅದೇ ವರ್ಷ ಸಂಗಡಿಗರೊಡನೆ ನಿಧಿಯೊಂದನ್ನು ಸ್ಥಾಪಿಸಿದರು. ಸುಮಾರು 84 ಲಕ್ಷ ಡಾಲರ್ ಹಣ ಸಾರ್ವಜನಿಕ ದೇಣಿಗೆಯಿಂದಲೇ ಕೂಡಿತು. ಲಿಂಕನ್ ಸ್ಮಾರಕದ ಹತ್ತಿರದ ಜಾಗಕ್ಕೆ 1980ರಲ್ಲಿ ಅನುಮತಿ ದೊರೆಯಿತು. ಎಲ್ಲ ಹೆಸರುಗಳೂ ಇರಬೇಕು, ಯುದ್ಧ ಸರಿಯೋ ತಪ್ಪೋ ಎಂಬ ರಾಜಕೀಯ ತೀರ್ಪು ಇರಕೂಡದು ಎಂಬ ಷರತ್ತಿನ ಮೇಲೆ ನಡೆದ ಸ್ಪರ್ಧೆಗೆ 1,421 ವಿನ್ಯಾಸಗಳು ಬಂದವು. ಹೆಸರು ಮರೆಮಾಡಿ, ಬರೀ ಸಂಖ್ಯೆ ಹಾಕಿ ಪರಿಶೀಲಿಸಿದ ತೀರ್ಪುಗಾರರು 1981ರ ಮೇ ತಿಂಗಳಲ್ಲಿ ಆಯ್ದದ್ದು 1026ನೇ ವಿನ್ಯಾಸವನ್ನು. ಅದನ್ನು ಬರೆದವರು ಯೇಲ್ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್.

ವಿನ್ಯಾಸ ಬಹಳ ಸರಳ. ನೆಲವನ್ನು ಸೀಳಿ ಇಳಿಯುವ ಎರಡು ಕಪ್ಪು ಗೋಡೆಗಳು, ಒಂದೊಂದೂ ಸುಮಾರು 75 ಮೀಟರ್ ಉದ್ದ. ಅವು ಕೂಡುವ ಮೂಲೆಯಲ್ಲಿ ಎತ್ತರ ಸುಮಾರು 3 ಮೀಟರ್, ತುದಿಗಳಲ್ಲಿ ಗೇಣಿನಷ್ಟು. ಒಂದು ತುದಿ ಲಿಂಕನ್ ಸ್ಮಾರಕದತ್ತ, ಇನ್ನೊಂದು ವಾಷಿಂಗ್ಟನ್ ಸ್ತಂಭದತ್ತ ಚಾಚಿದೆ. ಪ್ರತಿಮೆಯಿಲ್ಲ, ಕಂಬವಿಲ್ಲ, ಹೆಸರುಗಳಷ್ಟೇ. ಇದು ಅವಮಾನದ ಗುರುತೆಂದು ಕೆಲವು ಮಾಜಿ ಸೈನಿಕರೇ ಸಿಡಿದೆದ್ದರು. ಸ್ಪರ್ಧೆಗೆ ಹಣ ನೀಡಿದ್ದ ಉದ್ಯಮಿ ರಾಸ್ ಪೆರೋ ವಿರೋಧಿಗಳ ಜೊತೆ ಸೇರಿದರು. ಕೊನೆಗೆ ಧ್ವಜಸ್ತಂಭವನ್ನೂ ಮೂವರು ಸೈನಿಕರ ಕಂಚಿನ ಪ್ರತಿಮೆಯನ್ನೂ ಸೇರಿಸುವ ರಾಜಿ ಆಯಿತು. 1982ರ ನವೆಂಬರ್ 13ರಂದು ಗೋಡೆಯ ಲೋಕಾರ್ಪಣೆಯಾಯಿತು. ಫ್ರೆಡರಿಕ್ ಹಾರ್ಟ್ ಮಾಡಿದ ಪ್ರತಿಮೆ ಬಂದದ್ದು 1984ರಲ್ಲಿ.

ಗೋಡೆಯ ಕಲ್ಲು ಹೋದದ್ದು ಬೆಂಗಳೂರಿನ ಕ್ವಾರಿಯಿಂದ. ಮುಖ ಕಾಣುವಷ್ಟು ಹೊಳಪು ಬರುವ, ಒಂದೇ ಬಣ್ಣದ ಕಪ್ಪು ಕಲ್ಲು ಬೇಕಾಗಿತ್ತು. ದಕ್ಷಿಣ ಕರ್ನಾಟಕದ ಕನಕಪುರ, ಚಾಮರಾಜನಗರದ ಸುತ್ತ ಕರಿಕಲ್ಲು ಎಂದು ಕರೆಯುವ ಇಂಥ ಕಲ್ಲಿಗೆ ಲೋಕದ ಮಾರುಕಟ್ಟೆಯಲ್ಲಿ ಬಹಳ ಬೆಲೆ. ವ್ಯಾಪಾರಸ್ಥರು ಕಪ್ಪು ಗ್ರಾನೈಟ್ ಎಂದರೂ ಭೂವಿಜ್ಞಾನಿಗಳ ಲೆಕ್ಕದಲ್ಲಿ ಈ ಭಾಗದ ಕರಿಕಲ್ಲು ಬಹುಪಾಲು ಡಾಲರೈಟ್. ಹಳೆಯ ಬಂಡೆಯ ಬಿರುಕುಗಳಿಗೆ ಶಿಲಾರಸ ನುಗ್ಗಿ ಗಟ್ಟಿಯಾದದ್ದು, ಕಣಗಳು ಸೂಕ್ಷ್ಮ, ಆದ್ದರಿಂದಲೇ ಕನ್ನಡಿಯ ಹೊಳಪು. ಬೆಂಗಳೂರಿನಿಂದ ಹೊರಟು ಹಡಗೇರಿದ ಕಲ್ಲನ್ನು ವರ್ಮಾಂಟ್ ರಾಜ್ಯದ ಬ್ಯಾರಿಯಲ್ಲಿ ಕೊಯ್ದು ಹೊಳಪು ಕೊಟ್ಟರು. ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಹೆಸರುಗಳನ್ನು ಮೂಡಿಸಿದರು. ಉಳಿಯಿಂದ ಕಡೆಯಲು ಕೂತಿದ್ದರೆ ವರ್ಷಗಟ್ಟಲೆ ಹಿಡಿಯುತ್ತಿತ್ತು. ಬದಲಿಗೆ ಹೆಸರುಗಳ ಪಟ್ಟಿಯನ್ನು ಫೋಟೊ ವಿಧಾನದಿಂದ ಕಲ್ಲಿನ ಮೇಲೆ ಪದರವಾಗಿ ಅಚ್ಚೊತ್ತಿ, ಗಾಳಿಯ ಒತ್ತಡದಲ್ಲಿ ಹರಳುಪುಡಿ ಸಿಡಿಸಿ ಕೊರೆದರು. ಅಕ್ಷರದ ಎತ್ತರ ಅರ್ಧ ಇಂಚಿಗಿಂತ ತುಸು ಹೆಚ್ಚು, ಆಳ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಈ ಹೆಸರುಗಳು ಮೊದಲು ಹುಟ್ಟಿದ್ದೇ ಫೋಟೊ ಆಗಿ.

ಹೊಳಪಿಗಿಂತಲೂ ಮುಖ್ಯವಾದದ್ದು ಹೆಸರುಗಳ ಕ್ರಮ. ಅಕಾರಾದಿಯಾಗಿ ಬರೆಸಿದರೆ ಹುಡುಕಲು ಸುಲಭ ಎಂಬ ಸಲಹೆ ಬಂದಿತ್ತು. ಪಟ್ಟಿ ತೆರೆದು ನೋಡಿದರೆ ಸ್ಮಿತ್ ಎಂಬ ಮನೆತನದ ಹೆಸರಿನವರೇ 600ಕ್ಕಿಂತ ಹೆಚ್ಚು, ಜೇಮ್ಸ್ ಜೋನ್ಸ್ ಎಂಬವರು 16 ಮಂದಿ. ಗೋಡೆ ಟೆಲಿಫೋನ್ ಡೈರೆಕ್ಟರಿಯಂತೆ ಆಗಿಬಿಡುತ್ತಿತ್ತು. ಬಿದ್ದ ದಿನಾಂಕದ ಪ್ರಕಾರವೇ ಇರಲಿ ಎಂದು ಮಾಯಾ ಲಿನ್ ಪಟ್ಟು ಹಿಡಿದರು. 1959ರಲ್ಲಿ ಸತ್ತವರಿಂದ ಪಟ್ಟಿ ನಡುಮೂಲೆಯಲ್ಲಿ ಆರಂಭವಾಗಿ ಪೂರ್ವದ ತುದಿಗೆ ಸಾಗುತ್ತದೆ, ಮತ್ತೆ ಪಶ್ಚಿಮದ ತುದಿಯಿಂದ ಮುಂದುವರಿದು 1975ರ ಹೆಸರುಗಳೊಂದಿಗೆ ಅದೇ ಮೂಲೆಗೆ ಬಂದು ಮುಗಿಯುತ್ತದೆ. ಹುದ್ದೆಯ ಉಲ್ಲೇಖವಿಲ್ಲ. ಒಂದೇ ಕಾಳಗದಲ್ಲಿ ಬಿದ್ದ ಅಧಿಕಾರಿಯೂ ಸಿಪಾಯಿಯೂ ಅಕ್ಕಪಕ್ಕದಲ್ಲಿದ್ದಾರೆ. ಇಂದು ಅಲ್ಲಿ 58,000ಕ್ಕೂ ಹೆಚ್ಚು ಹೆಸರುಗಳಿವೆ, ಅವರಲ್ಲಿ 8 ಮಂದಿ ಮಹಿಳೆಯರು.

ಬದುಕಿ ಬಂದವನಿಗೆ ಈ ಕ್ರಮ ಕೊಟ್ಟದ್ದು ಏನೆಂಬುದನ್ನು ಎಷ್ಟು ಹೇಳಿದರೂ ಕಡಿಮೆಯೇ. ಅವನ ಹೆಸರು ಗೋಡೆಯ ಮೇಲಿಲ್ಲ, ಆದರೆ ಅವನ ಅಲ್ಲಿನ ದಿನಗಳಿವೆ. ಒಂದು ಬೆಳಗ್ಗೆ ತನ್ನ ತುಕಡಿಯಿಂದ ಹೋದ ಐದಾರು ಜನ ಹತ್ತಿರ ಹತ್ತಿರದ ಸಾಲುಗಳಲ್ಲಿ ಸಿಗುತ್ತಾರೆ. ಹೀಗಾಗಿ ಒಂದು ಅಡಿ ಅಗಲದ ಫೋಟೊ ಸಾಕು, ಅವನ ಬದುಕಿನ ಅತಿ ಕಠಿಣ ದಿನ ಅದರಲ್ಲಿ ಅಡಗಿರುತ್ತದೆ. ಮೊಮ್ಮಗಳು ಅಜ್ಜನಿಗೆ ಸ್ಮಾರಕದ ಫೋಟೊ ಕೊಡಬೇಕೆಂದರೆ ಮೊದಲು ಅಜ್ಜನ ದಳ ಯಾವುದು, ಯಾವ ತಿಂಗಳು ಎಲ್ಲಿದ್ದರು, ಜೊತೆಗಿದ್ದವರು ಯಾರು ಎಂದು ತಿಳಿದುಕೊಳ್ಳಬೇಕು. ದಶಕಗಳ ಕಾಲ ಬಾಯಿಬಿಡದ ಎಷ್ಟೋ ಮನೆಗಳಲ್ಲಿ ಯುದ್ಧದ ಮಾತು ಹೊರಬಿದ್ದದ್ದು ಈ ನೆಪದಲ್ಲಿ.

ಹೆಸರು ಹುಡುಕಲು ಸ್ಮಾರಕದ ದಾರಿಯಲ್ಲೇ ದಪ್ಪನೆಯ ಸೂಚಿಪುಸ್ತಕಗಳನ್ನು ಇಟ್ಟಿದ್ದಾರೆ. ಅದರಲ್ಲಿ ಅಕಾರಾದಿಯಾಗಿ ಹೆಸರು, ಎದುರಿಗೆ ಫಲಕದ ಮತ್ತು ಸಾಲಿನ ಸಂಖ್ಯೆ. ಗೋಡೆಯ ಮೇಲೆ ಪ್ರತಿ ಹೆಸರಿನ ಪಕ್ಕ ಒಂದು ಗುರುತು: ವಜ್ರಾಕೃತಿ ಇದ್ದರೆ ಸಾವು ಖಚಿತ, ಕೂಡುಚಿಹ್ನೆ ಇದ್ದರೆ ಕಾಣೆಯಾದವನು. ಅವಶೇಷ ಪತ್ತೆಯಾದಾಗ ಕೂಡುಚಿಹ್ನೆಯ ಮೇಲೆಯೇ ವಜ್ರವನ್ನು ಕೊರೆಯುತ್ತಾರೆ. ಜೀವಂತವಾಗಿ ಮರಳಿದರೆ ಸುತ್ತ ವೃತ್ತ ಎಳೆಯುವುದೆಂದು ನಿಯಮವಿದೆ, ಅಂಥ ವೃತ್ತ ಒಂದೂ ಇಲ್ಲ. ಸ್ವಯಂಸೇವಕರು ಕಾಗದದ ಪಟ್ಟಿ, ಪೆನ್ಸಿಲ್ ಕೊಡುತ್ತಾರೆ. ಎತ್ತರದ ಸಾಲಿಗೆ ತಾವೇ ಏಣಿ ಹತ್ತಿ, ಕಾಗದವನ್ನು ಹೆಸರಿನ ಮೇಲೆ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿಕೊಡುತ್ತಾರೆ. ಶಾಸನತಜ್ಞರು ತೆಗೆಯುವ ಪಡಿಯಚ್ಚಿನ ಸರಳ ರೂಪವಿದು. ಬರಲಾಗದವರಿಗೆ ಇಂಥ ಅಚ್ಚನ್ನು ಅಂಚೆಯಲ್ಲಿ ಉಚಿತವಾಗಿ ಕಳುಹಿಸುವ ಏರ್ಪಾಡನ್ನೂ ಸ್ಮಾರಕ ನಿಧಿ ಮಾಡಿದೆ.

ಫೋಟೊ ತೆಗೆಯುವುದು ಅಚ್ಚಿಗಿಂತ ಕಷ್ಟದ ಕೆಲಸ. ಗೋಡೆ ಎದುರಿಗಿರುವುದನ್ನೆಲ್ಲ ಪ್ರತಿಬಿಂಬಿಸುತ್ತದೆ: ಹುಲ್ಲು, ಮೋಡ, ವಾಷಿಂಗ್ಟನ್ ಸ್ತಂಭ, ಕ್ಯಾಮೆರಾ ಹಿಡಿದವರ ಮುಖ. ಒಂದೂವರೆ ಮೀಟರ್ ದೂರದಲ್ಲಿ ನಿಂತವರಿಗೆ ಅಕ್ಷರಗಳು ಒಂದೂವರೆ ಮೀಟರ್ ದೂರದಲ್ಲಿದ್ದರೆ, ಅವರ ಪ್ರತಿಬಿಂಬ ಕ್ಯಾಮೆರಾದ ಪಾಲಿಗೆ ಮೂರು ಮೀಟರ್ ದೂರದಲ್ಲಿರುತ್ತದೆ. ಹೆಸರನ್ನು ಸ್ಪಷ್ಟವಾಗಿಸಿದರೆ ಮುಖ ಮಸುಕು, ಮುಖಕ್ಕೆ ಫೋಕಸ್ ಮಾಡಿದರೆ ಹೆಸರು ಮಸುಕು. ಲೆನ್ಸಿನ ಕಿಂಡಿಯನ್ನು ಚಿಕ್ಕದಾಗಿಸಿದರೆ ಎರಡೂ ಸಾಕಷ್ಟು ಹಿಡಿತಕ್ಕೆ ಬರುತ್ತವೆ. ಫ್ಲ್ಯಾಶ್ ಹಾಕಿದರೆ ಬಿಳಿ ಚುಕ್ಕೆಯೊಂದು ಬಂದು ಕೂರುತ್ತದೆ. ಓರೆಯಾಗಿ ನಿಂತು ಪೋಲರೈಸಿಂಗ್ ಫಿಲ್ಟರ್ ತಿರುಗಿಸಿದರೆ ಪ್ರತಿಬಿಂಬವನ್ನು ಬಹುಮಟ್ಟಿಗೆ ಅಳಿಸಬಹುದು, ಆಗ ಬೂದು ಅಕ್ಷರಗಳು ಕಪ್ಪು ಕಲ್ಲಿನ ಮೇಲೆ ಚೆನ್ನಾಗಿ ಓದಿಸಿಕೊಳ್ಳುತ್ತವೆ. ಆದರೆ ಉಡುಗೊರೆಗೆಂದು ತೆಗೆಯುವವರು ಪ್ರತಿಬಿಂಬವನ್ನು ಉಳಿಸಿಕೊಳ್ಳುವುದೇ ಮೇಲು. ಗೆಳೆಯರ ಹೆಸರುಗಳ ನಡುವೆ ಮಗನ ಅಥವಾ ಮೊಮ್ಮಗಳ ಮುಖ ಮೂಡಿರುವ ಚಿತ್ರ ಬರೀ ಹೆಸರಿನ ದಾಖಲೆಗಿಂತ ಹೆಚ್ಚಿನದನ್ನು ಮುದುಕನಿಗೆ ತಲುಪಿಸುತ್ತದೆ. ಲೀ ಟೀಟರ್ 1988ರಲ್ಲಿ ಬರೆದ ‘ರಿಫ್ಲೆಕ್ಷನ್ಸ್’ ಚಿತ್ರದಲ್ಲಿ ಗೋಡೆಗೆ ಕೈಯೂರಿ ತಲೆಬಾಗಿದವನಿಗೆ ಕಲ್ಲಿನೊಳಗಿಂದ ಹಳೆಯ ಸಂಗಾತಿಗಳು ಕೈ ಚಾಚುತ್ತಾರೆ. ಅದರ ಮುದ್ರಿತ ಪ್ರತಿಗಳು ಅಸಂಖ್ಯ ಮಾಜಿ ಸೈನಿಕರ ಮನೆಗಳ ಗೋಡೆಯೇರಿದವು.

ಫೋಟೊ ಏಕೆ ಬೇಕಾಯಿತು ಎಂದರೆ ಹಲವರು ಗೋಡೆಯ ಬಳಿಗೆ ಬರಲಾರದೆ ಹೋದರು. ಕೆಲವರಿಗೆ ದುಡ್ಡಿಲ್ಲ, ಕೆಲವರಿಗೆ ಆರೋಗ್ಯವಿಲ್ಲ. ಇನ್ನು ಕೆಲವರು ವಾಷಿಂಗ್ಟನ್‌ವರೆಗೆ ಬಂದೂ ಹೆಸರುಗಳನ್ನು ಎದುರಿಸಲಾಗದೆ ಆಚೆಯ ಮರಗಳಡಿ ನಿಂತು ಹಿಂತಿರುಗಿದರು. ಲೋಕಾರ್ಪಣೆಗೆ ಬಂದಿದ್ದ ಜಾನ್ ಡೆವಿಟ್ ಎಂಬ ಮಾಜಿ ಸೈನಿಕ ತನಗಾದ ಅನುಭವ ಇಂಥವರಿಗೂ ಆಗಬೇಕೆಂದು ಗೆಳೆಯರೊಡನೆ ಅರ್ಧ ಅಳತೆಯ ಗೋಡೆಯನ್ನು ತಯಾರಿಸಿದರು. ‘ಮೂವಿಂಗ್ ವಾಲ್’ ಎಂಬ ಆ ಪ್ರತಿಕೃತಿ 1984ರಲ್ಲಿ ಟೆಕ್ಸಸ್‌ನ ಟೈಲರ್‌ನಲ್ಲಿ ಮೊದಲು ನಿಂತು, ಆಮೇಲೆ ಊರೂರು ತಿರುಗಿತು. 1996ರಲ್ಲಿ ಸ್ಮಾರಕ ನಿಧಿಯೂ ತನ್ನದೇ ಸಂಚಾರಿ ಗೋಡೆಯನ್ನು ಹೊರಡಿಸಿತು. 2005ರಲ್ಲಿ ಓಹಾಯೋದ ಅರ್ಲ್ ಮೋರ್ಸ್ ಎರಡನೇ ಮಹಾಯುದ್ಧದ 12 ವೃದ್ಧ ಯೋಧರನ್ನು 6 ಪುಟ್ಟ ವಿಮಾನಗಳಲ್ಲಿ ವಾಷಿಂಗ್ಟನ್‌ಗೆ ಕರೆತರುವ ವ್ಯವಸ್ಥೆ ಮಾಡಿದರು. ಆನರ್ ಫ್ಲೈಟ್ ಎಂಬ ಆ ಸೇವೆ ಮುಂದೆ ವಿಯೆಟ್ನಾಂ ಯೋಧರಿಗೂ ವಿಸ್ತರಿಸಿತು. ಇಂಥ ಪಯಣದಲ್ಲಿ ಜೊತೆಗೆ ಬಂದ ಸ್ವಯಂಸೇವಕರು ತೆಗೆದ ಫೋಟೊಗಳೇ ಯೋಧನ ಮನೆಗೆ ಆಲ್ಬಂ ಆಗಿ ಹೋಗುವುದುಂಟು.

ಫೋಟೊಗಳು ಗೋಡೆಯಿಂದ ಮನೆಗೆ ಹೋದಂತೆ ಮನೆಯಿಂದ ಗೋಡೆಗೂ ಬಂದವು. ಬಂದವರು ಬುಡದಲ್ಲಿ ಇಟ್ಟುಹೋಗುವ ಪತ್ರ, ಪದಕ, ಬೂಟು, ಹಳೆಯ ಭಾವಚಿತ್ರಗಳನ್ನು ರಾಷ್ಟ್ರೀಯ ಉದ್ಯಾನ ಇಲಾಖೆ ಎತ್ತಿಡುತ್ತ ಬಂದಿದೆ. ಈ ಸಂಗ್ರಹ ಈಗ 4 ಲಕ್ಷ ವಸ್ತುಗಳನ್ನು ದಾಟಿದೆ. ಪ್ರತಿ ಹೆಸರಿಗೂ ಒಂದು ಮುಖ ಸಿಗಬೇಕೆಂದು ಸ್ಮಾರಕ ನಿಧಿ ಹೂಡಿದ ಯೋಜನೆಗೆ ಶಾಲೆಗಳ ಹಳೆಯ ವಾರ್ಷಿಕ ಪುಸ್ತಕ, ಊರಿನ ಪತ್ರಿಕೆ, ಬಂಧುಗಳ ಪೆಟ್ಟಿಗೆಗಳಿಂದ ಫೋಟೊಗಳು ಹರಿದುಬಂದವು. ಗೋಡೆಯ ಮೇಲಿನ ಪ್ರತಿಯೊಬ್ಬರಿಗೂ ಕನಿಷ್ಠ ಒಂದು ಫೋಟೊ ದೊರೆತಿದೆಯೆಂದು 2022ರಲ್ಲಿ ನಿಧಿ ಪ್ರಕಟಿಸಿತು. ಮಸುಕಾದ ಚಿತ್ರಗಳಿಗೆ ಬದಲಾಗಿ ಸ್ಪಷ್ಟ ಚಿತ್ರಗಳನ್ನು ಹುಡುಕುವ ಕೆಲಸ ಆಮೇಲೂ ಮುಂದುವರಿದಿದೆ.