ನಂದಿಬೆಟ್ಟದ ಬುಡದಲ್ಲಿ ನಮ್ಮ ಹೇಮಾವತಿ

ನಮ್ಮ ಮಡಕಶಿರಾ ಕಡೆಯವರಿಗೆ ಎರಡು ದಿನ ರಜೆ ಸಿಕ್ಕಿತೆಂದರೆ ಮೊದಲು ನೆನಪಾಗುವುದು ನಂದಿಬೆಟ್ಟ. ಹಿಂದೂಪುರ, ಗೌರಿಬಿದನೂರು ದಾಟಿ ಚಿಕ್ಕಬಳ್ಳಾಪುರದ ದಾರಿ ಹಿಡಿದರೆ ಆಯಿತು. ನಾವು ನಾಲ್ಕು ಮನೆಯವರು ಸೇರಿ ಒಂದು ಟೆಂಪೋ ಮಾಡಿಕೊಂಡು ಹೊರಟೆವು. ಚಿತ್ರಾನ್ನ, ಮೊಸರನ್ನದ ಡಬ್ಬಿಗಳ ಜೊತೆ ನನ್ನ ತರಗತಿಯ ಇಬ್ಬರು ಹುಡುಗರೂ ಇದ್ದರು.

ಬೆಟ್ಟದ ಎತ್ತರ 4851 ಅಡಿ. ಬೆಳಗಿನ ಮಂಜಿನಲ್ಲಿ ಎದುರಿಗಿದ್ದವರ ಮುಖವೂ ಕಾಣುತ್ತಿರಲಿಲ್ಲ. ಟಿಪ್ಪು ಡ್ರಾಪ್, ಅಮೃತ ಸರೋವರ, ಕಮಿಷನರ್ ಮಾರ್ಕ್ ಕಬ್ಬನ್ ಇದ್ದ ಬಂಗಲೆ... ಇವೆಲ್ಲ ಎಲ್ಲರೂ ನೋಡುವಂಥವು, ನಾವೂ ನೋಡಿದೆವು. 1986ರ ಸಾರ್ಕ್ ಸಮ್ಮೇಳನಕ್ಕೆ ಬೆಂಗಳೂರಿಗೆ ಬಂದ ನಾಯಕರೂ ಇಲ್ಲಿಗೆ ಬಂದಿದ್ದರು.

ಹುಡುಗರಿಗೆ ಹಿಡಿಸಿದ್ದು ಕೋಟೆಯ ಕಥೆ. ಹೈದರ್, ಟಿಪ್ಪು ಭದ್ರಪಡಿಸಿದ ಈ ಕೋಟೆಯನ್ನು ಕಾರ್ನ್‌ವಾಲಿಸನ ದಂಡು ಮುತ್ತಿಗೆ ಹಾಕಿ 1791ರ ಅಕ್ಟೋಬರ್ 19ರಂದು ಹಿಡಿಯಿತು. ಟಿಪ್ಪು 1799ರಲ್ಲಿ ಮಡಿದ ಮೇಲೆ ನಂದಿ ಮೈಸೂರಿನ ಪಾಲಿಗೆ ಉಳಿಯಿತು. ನಮ್ಮ ಅನಂತಪುರ ಸೀಮೆ ಮಾತ್ರ 1792 ಮತ್ತು 1799ರ ಒಪ್ಪಂದಗಳಲ್ಲಿ ನಿಜಾಮನಿಗೆ ಹೋಗಿ, 1800ರಲ್ಲಿ ಕಂಪನಿಯ ಕೈಸೇರಿತು. ದತ್ತ ಮಂಡಲ ಎನ್ನುತ್ತಾರಲ್ಲ, ಅದು. ನಾವು ಮುಂಜಾನೆ ದಾಟಿ ಬಂದ ಗಡಿಗೆ ಮೊದಲ ಗೆರೆ ಎಳೆದವರು ಯಾರೆಂದು ಹುಡುಗರಿಗೆ ಹೀಗೆ ಹೇಳಿದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ಆಂಧ್ರಕ್ಕೆ ಬಂದದ್ದು ಬಹಳ ಮುಂದಿನ ಮಾತು.

ಗೆರೆಯನ್ನು ನದಿ ಕೇಳುವುದಿಲ್ಲ ಬಿಡಿ. ಇದೇ ಬೆಟ್ಟಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹಿಂದೂಪುರದ ಕಡೆಗೆ ಬಂದು, ನಮ್ಮ ಬಾಯಲ್ಲಿ ಪೆನ್ನಾ ಆಗಿ, ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ.

ಇಳಿಯುವಾಗ ಎಲ್ಲರಿಗೂ ಮನೆಗೆ ಹೋಗುವ ಆತುರ. ನಾನು ಹಟ ಮಾಡಿ ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಗಾಡಿ ನಿಲ್ಲಿಸಿದೆ. ಅಲ್ಲಿನ ಭೋಗನಂದೀಶ್ವರ ದೇವಸ್ಥಾನ ನೋಡದೆ ಬರುವವರೇ ಹೆಚ್ಚು. ಭೋಗನಂದೀಶ್ವರ, ಅರುಣಾಚಲೇಶ್ವರ, ನಡುವೆ ಉಮಾಮಹೇಶ್ವರ, ಆಚೆ ಮೆಟ್ಟಿಲುಗಳ ಶೃಂಗಿತೀರ್ಥ. ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಇಲ್ಲಿ ಏನಾದರೊಂದು ಸೇರಿಸಿದ್ದಾರೆ. ಆದರೆ ಇಲ್ಲಿನ ಶಿವಾಲಯವನ್ನು ಹೇಳುವ ಅತಿ ಹಳೆಯ ಶಾಸನಗಳಲ್ಲಿ ಒಂದು ಕ್ರಿ.ಶ. 806ರ ಸುಮಾರಿನದು. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲ. ಅದರಲ್ಲಿ ಬರುವ ಹೆಸರು ನೊಳಂಬಾಧಿರಾಜ.

ನೊಳಂಬರೆಂದರೆ ಯಾರು? ಅವರ ರಾಜಧಾನಿ ಹೆಂಜೇರು. ಇಂದಿನ ಹೇಮಾವತಿ! ನಮ್ಮ ಅಮರಾಪುರಂ ಮಂಡಲದ, ಬಸ್ಸಿನಿಂದ ಇಳಿದವರು ಹೆಚ್ಚಾಗಿ ಸಿದ್ಧೇಶ್ವರನಿಗೆ ಕೈಮುಗಿದು ವಾಪಸು ಹೊರಡುವ ಹೇಮಾವತಿ.

"ಸಾರ್, ನಮ್ಮ ಹೇಮಾವತೀನಾ?" ಎಂದ ಹುಡುಗರಲ್ಲಿ ಒಬ್ಬ. ಅವನ ಅಜ್ಜಿಯ ಮನೆ ಅಲ್ಲೇ.

ಹೌದಪ್ಪ ಎಂದೆ. ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಶಾಸನಗಳು ಕರೆಯುವ ನಾಡಿಗೆ ಆ ಊರೇ ತಲೆಯಾಗಿತ್ತು. ಅಲ್ಲಿನ ದೊಡ್ಡೇಶ್ವರ ಗುಡಿಯ ಕಂಬಗಳನ್ನೂ ಎದುರಿನ ನಂದಿಯನ್ನೂ ನೋಡಿದರೆ ನೊಳಂಬರ ಶಿಲ್ಪಿಗಳ ಕೈ ಎಂಥದೆಂದು ತಿಳಿಯುತ್ತದೆ. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹ ಇವರನ್ನು ಸೋಲಿಸಿ 'ನೊಳಂಬಕುಲಾಂತಕ' ಎಂಬ ಬಿರುದು ಹೊತ್ತ. ಆಮೇಲೆ ಚೋಳರು ಬಂದರು. ನೊಳಂಬರ ಕೆತ್ತನೆಯ ಕಂಬಗಳು ಇಂದಿಗೂ ತಮಿಳುನಾಡಿನ ತಿರುವಯ್ಯಾರಿನ ದೇವಸ್ಥಾನದಲ್ಲಿ ನಿಂತಿವೆ. ಹೇಮಾವತಿಯ ಶಿಲ್ಪಗಳು ಚೆನ್ನೈ ಮ್ಯೂಸಿಯಂನಲ್ಲಿವೆ. ಊರಿನಲ್ಲಿ ಉಳಿದದ್ದನ್ನು ಪುರಾತತ್ವ ಇಲಾಖೆ ನೋಡಿಕೊಳ್ಳುತ್ತಿದೆ.

ಇಷ್ಟು ವರ್ಷ ಪಾಠ ಹೇಳಿದ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ನೊಳಂಬರನ್ನು ಪರೀಕ್ಷೆಗೆ ಬರುವುದಿಲ್ಲವೆಂದು ನಾನೇ ಎಷ್ಟೋ ಸಲ ಹಾರಿಸಿ ಮುಂದಕ್ಕೆ ಹೋಗಿದ್ದೇನೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಕನ್ನಡದ ಚರಿತ್ರೆಯೆಲ್ಲ ಗಡಿಯ ಆಚೆ ಇದೆ, ಆಂಧ್ರದ ಚರಿತ್ರೆಯೆಲ್ಲ ಗೋದಾವರಿ, ಕೃಷ್ಣೆಯ ದಡದಲ್ಲಿದೆ ಎಂಬ ಭಾವನೆ. ನಡುವೆ ಇರುವ ತಮ್ಮೂರಿನಲ್ಲಿ ಏನೂ ಇಲ್ಲ ಎಂದುಕೊಂಡೇ ಬೆಳೆಯುತ್ತಾರೆ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹೊಸ ಜಿಲ್ಲೆಯ ಹೆಸರನ್ನು ಬಾಯಿಪಾಠ ಮಾಡಿಸಿದೆ. ಹೆಂಜೇರಿನ ಹೆಸರು ಹೇಳಿರಲಿಲ್ಲ.

ವಾಪಸು ಬರುವಾಗ ಹುಡುಗರಿಬ್ಬರೂ ನಿದ್ದೆ ಹೋಗಲಿಲ್ಲ. ಮುಂದಿನ ಭಾನುವಾರ ಹೇಮಾವತಿಗೆ ಹೋಗೋಣ ಸಾರ್ ಎಂದು ಗೌರಿಬಿದನೂರು ಬರುವಷ್ಟರಲ್ಲಿ ನಿಶ್ಚಯ ಮಾಡಿಬಿಟ್ಟಿದ್ದರು. ಊಟ ಅಜ್ಜಿಯ ಮನೆಯಲ್ಲಂತೆ.