‘ಒದಗಿಸಿಲ್ಲ’: ಹುಡುಕುಪದಗಳು ಮರೆಯಾದ ಇತಿಹಾಸ

ತನ್ನ ವೈದ್ಯನಿಗೂ ಹೇಳಲು ಹಿಂಜರಿಯುವ ಮಾತನ್ನು ಮನುಷ್ಯ ಇಂದು ಶೋಧಯಂತ್ರದ ಮುಂದೆ ನಿಸ್ಸಂಕೋಚವಾಗಿ ಬೆರಳಚ್ಚಿಸುತ್ತಾನೆ. ಎದೆಯಲ್ಲಿ ಕಂಡ ಗಂಟು, ಮಗನ ಕುಡಿತ, ತೀರದ ಸಾಲ, ಮುರಿದ ದಾಂಪತ್ಯ ಎಲ್ಲವೂ ಮೊದಲು ಅಲ್ಲಿಯೇ ಪ್ರಶ್ನೆಗಳಾಗುತ್ತವೆ. ಹೀಗೆ ಕೇಳಿದ ಪ್ರಶ್ನೆ ಯಾರ ಯಾರ ಕಣ್ಣಿಗೆ ಬೀಳುತ್ತದೆ? ಬಹುಕಾಲ ಈ ಪ್ರಶ್ನೆಯನ್ನು ಮೂವರು ನೋಡಬಹುದಾಗಿತ್ತು: ಶೋಧಯಂತ್ರ, ದಾರಿಯಲ್ಲಿ ಹೊಂಚಿ ಕುಳಿತವರು, ಮತ್ತು ಓದುಗ ಕೊನೆಗೆ ತಲುಪಿದ ಜಾಲತಾಣದ ಒಡೆಯರು. 2011ರಿಂದೀಚೆಗೆ ಎರಡನೆಯವರಿಗೂ ಮೂರನೆಯವರಿಗೂ ನಡುವೆ ತೆರೆ ಬಿದ್ದಿದೆ. ಮೊದಲನೆಯವರಿಗೆ ಮಾತ್ರ ಎಲ್ಲವೂ ಕಾಣುತ್ತದೆ. ಈ ತೆರೆ ಹೇಗೆ ಬಿತ್ತು, ಅದರಿಂದ ಯಾರಿಗೆ ಏನಾಯಿತು, ಕನ್ನಡದಲ್ಲಿ ಬರೆಯುವ ನಮ್ಮಂಥ ಸಣ್ಣ ಬಳಗಗಳಿಗೆ ಅದರ ಅರ್ಥವೇನು ಎಂಬುದನ್ನು ಇಲ್ಲಿ ನೋಡೋಣ.

ಒಂದು ಕಾಗುಣಿತದ ತಪ್ಪು

ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುವಾಗ ಬ್ರೌಸರ್ ತಾನು ಎಲ್ಲಿಂದ ಬಂದೆನೆಂಬುದನ್ನು ಹೊಸ ಪುಟದ ಸರ್ವರ್‌ಗೆ ತಿಳಿಸುತ್ತದೆ. ಇದಕ್ಕೆ ‘ರೆಫರರ್’ ಎಂದು ಹೆಸರು. ವೈದ್ಯರು ರೋಗಿಯನ್ನು ತಜ್ಞರ ಬಳಿಗೆ ಕಳುಹಿಸುವಾಗ ಬರೆದುಕೊಡುವ ಚೀಟಿಯಂತೆ ಇದು. ಫಿಲಿಪ್ ಹ್ಯಾಲಮ್-ಬೇಕರ್ ಎಂಬ ಗಣಕವಿಜ್ಞಾನಿ ಸೂಚಿಸಿದ ಈ ವ್ಯವಸ್ಥೆ 1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿಯ ಮೊದಲ ವಿವರಣ ಪತ್ರದಲ್ಲಿ ಸೇರಿತು. ಆಂಗ್ಲ ಕಾಗುಣಿತದ ಪ್ರಕಾರ ಪದದ ನಡುವೆ ಎರಡು ಬಾರಿ ಬರಬೇಕಾದ ‘ಆರ್’ ಅಕ್ಷರ ಅಲ್ಲಿ ಒಂದೇ ಬಾರಿ ಬಂದಿತು. ಆ ತಪ್ಪು ಇಂದಿಗೂ ಹಾಗೆಯೇ ಉಳಿದಿದೆ.

ಕಾಗುಣಿತ ತಪ್ಪಿದರೂ ಮುಂದಾಲೋಚನೆ ತಪ್ಪಿರಲಿಲ್ಲ ಎಂಬುದು ಗಮನಾರ್ಹ. ಓದುಗ ಎಲ್ಲಿಂದ ಬಂದನೆಂಬುದು ಖಾಸಗಿ ಸಂಗತಿಯಾಗಿರಬಹುದು, ಆದ್ದರಿಂದ ಅದನ್ನು ಕಳುಹಿಸಬೇಕೇ ಬೇಡವೇ ಎಂಬುದನ್ನು ಬಳಕೆದಾರನೇ ಆರಿಸುವಂತಿರಬೇಕು ಎಂದು ಅದೇ ಪತ್ರ ಬಲವಾಗಿ ಶಿಫಾರಸು ಮಾಡಿತ್ತು. ಆದರೆ ಬ್ರೌಸರ್‌ಗಳು ಸಾಮಾನ್ಯ ಬಳಕೆದಾರನ ಮುಂದೆ ಆ ಆಯ್ಕೆಯನ್ನು ಎತ್ತಿ ಇಡಲಿಲ್ಲ.

ಶೋಧಯಂತ್ರಗಳ ವಿಷಯದಲ್ಲಿ ಈ ಚೀಟಿಗೆ ವಿಶೇಷ ಮಹತ್ವ ಬಂದಿತು. ಹುಡುಕಿದ ಪದ ಫಲಿತಾಂಶ ಪುಟದ ವಿಳಾಸದಲ್ಲಿಯೇ ಸೇರಿರುತ್ತಿತ್ತು. ಓದುಗ ಯಾವುದಾದರೂ ಕೊಂಡಿಯನ್ನು ಒತ್ತಿದೊಡನೆ ಆ ಇಡೀ ವಿಳಾಸ ಮುಂದಿನ ತಾಣಕ್ಕೆ ರವಾನೆಯಾಗುತ್ತಿತ್ತು. ನಮ್ಮ ಲಿಪಿಯಲ್ಲಿ ಹುಡುಕಿದರೆ ಅದರ ರೂಪ ವಿಚಿತ್ರ. ‘ಕನ್ನಡ’ ಎಂಬ ಪದ ಯೂನಿಕೋಡ್‌ನಲ್ಲಿ 5 ಸಂಕೇತಗಳಾದರೆ, ವಿಳಾಸದಲ್ಲಿ ಶೇಕಡಾ ಚಿಹ್ನೆ, ಅಂಕಿ, ಅಕ್ಷರಗಳು ಸೇರಿ 45 ಚಿಹ್ನೆಗಳ ಸಾಲಾಗುತ್ತದೆ. ಅದನ್ನು ಬಿಡಿಸಿ ಓದಬಲ್ಲ ತಂತ್ರಾಂಶವಿದ್ದ ತಾಣದ ಒಡೆಯನಿಗೆ ಓದುಗನ ಮಾತು ಅವನದೇ ಪದಗಳಲ್ಲಿ ಕೇಳಿಸುತ್ತಿತ್ತು.

ಓದುಗರ ಮಾತು ಕೇಳಿಸುತ್ತಿದ್ದ ಕಾಲ

ಇದರಿಂದ ಆಗುತ್ತಿದ್ದ ಲಾಭ ಸಣ್ಣದಲ್ಲ. ಪಠ್ಯಪುಸ್ತಕದಲ್ಲಿ ‘ಹರ್ಪಿಸ್ ಜೋಸ್ಟರ್’ ಎಂದು ಓದಿದ ವೈದ್ಯ ಲೇಖನಕ್ಕೂ ಅದೇ ಹೆಸರಿಡುತ್ತಾನೆ. ಮೈಮೇಲೆ ಬೊಕ್ಕೆ ಎದ್ದವರು ಹುಡುಕುವುದು ‘ಸರ್ಪಸುತ್ತು’ ಎಂದು. ನಾವು ‘ಅಪಸ್ಮಾರ’ ಎಂದು ಬರೆದರೆ ಜನ ‘ಮೂರ್ಛೆರೋಗ’ ಅಥವಾ ‘ಫಿಟ್ಸ್’ ಎನ್ನುತ್ತಾರೆ. ಬರೆಯುವವನ ಪದಕ್ಕೂ ಹುಡುಕುವವನ ಪದಕ್ಕೂ ಇರುವ ಈ ಅಂತರವನ್ನು ತೋರಿಸಿಕೊಡುತ್ತಿದ್ದುದು ಸರ್ವರ್ ದಾಖಲೆಯ ಆ ಸಾಲುಗಳೇ.

2005ರ ವಸಂತದಲ್ಲಿ ಗೂಗಲ್ ಸಂಸ್ಥೆ ‘ಅರ್ಚಿನ್’ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷದ ನವೆಂಬರ್‌ನಲ್ಲಿ ‘ಗೂಗಲ್ ಅನಲಿಟಿಕ್ಸ್’ ಎಂಬ ಉಚಿತ ಸೇವೆಯನ್ನು ತೆರೆಯಿತು. ಅದುವರೆಗೆ ತಾಂತ್ರಿಕ ತಿಳಿವಳಿಕೆ ಉಳ್ಳವರು ಮಾತ್ರ ಬಿಡಿಸಿ ಓದುತ್ತಿದ್ದ ದಾಖಲೆ ಈಗ ಸಣ್ಣ ಅಂಗಡಿಯವನಿಗೂ, ಶಾಲೆಗೂ, ಸಂಘಕ್ಕೂ ಅಚ್ಚುಕಟ್ಟಾದ ಪಟ್ಟಿಯಾಗಿ ದೊರೆಯತೊಡಗಿತು.

2006ರ ಎಚ್ಚರಿಕೆ

ಹುಡುಕುಪದಗಳ ಪಟ್ಟಿ ಎಷ್ಟು ಅಪಾಯಕಾರಿ ಎಂಬುದು ಜಗತ್ತಿಗೆ ತಿಳಿದದ್ದು 2006ರ ಆಗಸ್ಟ್‌ನಲ್ಲಿ. ಅಮೆರಿಕದ ಎಒಎಲ್ ಸಂಸ್ಥೆಯ ಸಂಶೋಧಕರು ವಿದ್ವಾಂಸರ ಉಪಯೋಗಕ್ಕೆಂದು ಸುಮಾರು 6.5 ಲಕ್ಷ ಬಳಕೆದಾರರ, ಮೂರು ತಿಂಗಳ ಅವಧಿಯ, ಸುಮಾರು 2 ಕೋಟಿ ಹುಡುಕಾಟಗಳನ್ನು ಬಹಿರಂಗವಾಗಿ ಪ್ರಕಟಿಸಿದರು. ಹೆಸರುಗಳನ್ನು ತೆಗೆದು ಅಂಕಿಗಳನ್ನು ಇಡಲಾಗಿತ್ತು. ಕೆಲವೇ ದಿನಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ವರದಿಗಾರರು ಒಂದು ಅಂಕಿಯ ಹಿಂದಿದ್ದ ಜಾರ್ಜಿಯಾ ರಾಜ್ಯದ 62 ವರ್ಷದ ಮಹಿಳೆಯ ಮನೆ ಬಾಗಿಲಿಗೇ ಹೋಗಿ ನಿಂತರು. ಆಕೆ ಹುಡುಕಿದ ಊರು, ಮನೆತನದ ಹೆಸರು, ದಿನನಿತ್ಯದ ಚಿಂತೆಗಳೇ ಆಕೆಯ ಗುರುತಾಗಿದ್ದವು.

ವೈದ್ಯರಾದ ನಮಗೆ ಈ ಪ್ರಕರಣದಲ್ಲಿ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಆಕೆಯ ಪಟ್ಟಿಯಲ್ಲಿ ಹಲವು ಕಾಯಿಲೆಗಳ ಹೆಸರುಗಳಿದ್ದವು. ಆದರೆ ತನ್ನ ಗೆಳತಿಯರ ಆತಂಕ ಕಡಿಮೆ ಮಾಡಲೆಂದು ಅವರ ಕಾಯಿಲೆಗಳ ಬಗ್ಗೆ ತಾನು ಹುಡುಕುವುದುಂಟು ಎಂದು ಆಕೆ ಹೇಳಿದರು. ಪಟ್ಟಿಯನ್ನು ಮಾತ್ರ ನೋಡಿದ ವಿಮಾ ಕಂಪನಿಯೊಂದು ಏನೆಂದುಕೊಳ್ಳಬಹುದಿತ್ತು! ಹುಡುಕುಪದ ಮನುಷ್ಯನನ್ನು ಬಯಲು ಮಾಡುವುದಷ್ಟೇ ಅಲ್ಲ, ತಪ್ಪಾಗಿಯೂ ಬಯಲು ಮಾಡುತ್ತದೆ. ಎಒಎಲ್ ಕ್ಷಮೆ ಕೇಳಿ ಕಡತವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಅದರ ಪ್ರತಿಗಳು ಎಲ್ಲೆಡೆ ಹರಡಿದ್ದವು.

ತೆರೆ ಬಿದ್ದ ಬಗೆ

2010ರಲ್ಲಿ ಹಲವು ಘಟನೆಗಳು ಒಟ್ಟಿಗೆ ಒದಗಿದವು. ಮೇ ತಿಂಗಳಲ್ಲಿ ಗೂಗಲ್ ಗೂಢಲಿಪಿಯ ರಕ್ಷಣೆಯುಳ್ಳ ಹುಡುಕಾಟವನ್ನು ಪ್ರಯೋಗವಾಗಿ ಆರಂಭಿಸಿತು. ಅಕ್ಟೋಬರ್‌ನಲ್ಲಿ ‘ಫೈರ್‌ಶೀಪ್’ ಎಂಬ ಪುಟ್ಟ ತಂತ್ರಾಂಶ ಹೊರಬಂದು, ಕಾಫಿ ಅಂಗಡಿಯ ತೆರೆದ ವೈ-ಫೈನಲ್ಲಿ ಕುಳಿತವರ ಖಾತೆಗಳೊಳಗೆ ಪಕ್ಕದ ಮೇಜಿನವರು ಎಷ್ಟು ಸುಲಭವಾಗಿ ನುಸುಳಬಹುದೆಂದು ತೋರಿಸಿತು. ಅದೇ ತಿಂಗಳು, ಬಳಕೆದಾರರ ಹುಡುಕುಪದಗಳನ್ನು ರೆಫರರ್ ಮೂಲಕ ಇತರ ತಾಣಗಳಿಗೆ ಸೋರಲು ಬಿಡಲಾಗುತ್ತಿದೆ ಎಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಗೂಗಲ್ ವಿರುದ್ಧ ಮೊಕದ್ದಮೆ ದಾಖಲಾಯಿತು.

2011ರ ಅಕ್ಟೋಬರ್ 18ರಂದು ಗೂಗಲ್ ತನ್ನ ನಿರ್ಧಾರ ಪ್ರಕಟಿಸಿತು. ಖಾತೆಯೊಳಗೆ ಲಾಗಿನ್ ಆಗಿ ಹುಡುಕುವವರ ಹುಡುಕಾಟ ಇನ್ನು ಮುಂದೆ ಗೂಢಲಿಪಿಯಲ್ಲಿ ಸಾಗುವುದು. ಅವರು ತಲುಪುವ ತಾಣಕ್ಕೆ ‘ಗೂಗಲ್‌ನಿಂದ ಬಂದವರು’ ಎಂದಷ್ಟೇ ತಿಳಿಯುವುದು, ಹುಡುಕಿದ ಪದ ತಿಳಿಯದು. ಅನಲಿಟಿಕ್ಸ್‌ನ ಪಟ್ಟಿಯಲ್ಲಿ ಹುಡುಕುಪದ ಇರಬೇಕಾದ ಜಾಗದಲ್ಲಿ ‘ನಾಟ್ ಪ್ರೊವೈಡೆಡ್’, ಅಂದರೆ ‘ಒದಗಿಸಿಲ್ಲ’ ಎಂಬ ಎರಡು ಪದಗಳು ಕಾಣಿಸಿಕೊಂಡವು. ಇದರ ಪರಿಣಾಮ ಒಟ್ಟು ಹುಡುಕಾಟಗಳಲ್ಲಿ ಶೇಕಡಾ ಒಂದಂಕಿಯನ್ನು ಮೀರದು ಎಂದು ಆಗ ಸಂಸ್ಥೆಯ ಮ್ಯಾಟ್ ಕಟ್ಸ್ ಅಂದಾಜಿಸಿದ್ದರು.

ಅಂದಾಜು ಹೆಚ್ಚು ಕಾಲ ನಿಲ್ಲಲಿಲ್ಲ. 2012ರ ಜುಲೈನಲ್ಲಿ ಫೈರ್‌ಫಾಕ್ಸ್ ಬ್ರೌಸರ್, 2013ರ ಆರಂಭದಲ್ಲಿ ಕ್ರೋಮ್ ಬ್ರೌಸರ್ ತಮ್ಮಿಂದ ಹೊರಡುವ ಹುಡುಕಾಟಗಳನ್ನು ಗೂಢಲಿಪಿಗೆ ಒಳಪಡಿಸಿದವು. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕ ಸರ್ಕಾರದ ಕಣ್ಗಾವಲಿನ ದಾಖಲೆಗಳನ್ನು ಹೊರಹಾಕಿದರು. ಸೆಪ್ಟೆಂಬರ್ ವೇಳೆಗೆ ಗೂಗಲ್ ಲಾಗಿನ್ ಆಗದವರ ಹುಡುಕಾಟಗಳಿಗೂ ಅದೇ ರಕ್ಷಣೆ ನೀಡಿತು. 2014ರ ಜನವರಿಯಲ್ಲಿ ಯಾಹೂ ಸಹ ಅದೇ ಹಾದಿ ಹಿಡಿಯಿತು. ಮೂರೇ ವರ್ಷಗಳೊಳಗೆ ‘ಒದಗಿಸಿಲ್ಲ’ ಎಂಬುದು ಅಪವಾದವಾಗಿ ಉಳಿಯದೆ ನಿಯಮವೇ ಆಯಿತು.

ಈ ಕಥೆಯಲ್ಲಿ ಒಂದು ಕಿಂಡಿಯಿತ್ತು. 2011ರ ಪ್ರಕಟಣೆಯಲ್ಲೇ ಅದನ್ನು ಹೇಳಲಾಗಿತ್ತು: ಓದುಗ ಸಾಮಾನ್ಯ ಫಲಿತಾಂಶದ ಬದಲು ಜಾಹೀರಾತನ್ನು ಒತ್ತಿದರೆ ಅವನ ಹುಡುಕುಪದ ಜಾಹೀರಾತುದಾರನಿಗೆ ಎಂದಿನಂತೆ ಹೋಗುವುದು. ಅದೇ ಮನುಷ್ಯ, ಅದೇ ಕಾಯಿಲೆ, ಅದೇ ಪ್ರಶ್ನೆ. ಹಣ ಕೊಟ್ಟ ತಾಣಕ್ಕೆ ತಿಳಿಸಬಹುದು, ಕೊಡದ ತಾಣಕ್ಕೆ ತಿಳಿಸಬಾರದು! ರೋಗಿಯ ಗುಟ್ಟನ್ನು ಔಷಧ ಕಂಪನಿಗೆ ಹೇಳಿ ಗ್ರಂಥಾಲಯದಿಂದ ಮುಚ್ಚಿಡುವ ವೈದ್ಯನನ್ನು ನಾವು ಒಪ್ಪುವೆವೇ? ಈ ತಾರತಮ್ಯ ಎರಡೂವರೆ ವರ್ಷ ನಡೆಯಿತು. 2014ರ ಏಪ್ರಿಲ್‌ನಲ್ಲಿ ಜಾಹೀರಾತಿನ ಕೊಂಡಿಗಳಿಂದಲೂ ಹುಡುಕುಪದವನ್ನು ತೆಗೆಯಲಾಯಿತು. ಆದರೂ ಜಾಹೀರಾತುದಾರರಿಗೆ ಪ್ರತ್ಯೇಕ ವರದಿಯ ಮೂಲಕ ಪದಗಳು ದೊರೆಯುತ್ತಲೇ ಇದ್ದವು; 2020ರ ಸೆಪ್ಟೆಂಬರ್‌ನಲ್ಲಿ ಅದಕ್ಕೂ ಮಿತಿ ಬಂದಿತು.

2010ರ ಮೊಕದ್ದಮೆ ಬಹುಕಾಲ ಬಾಳಿತು. ಮೊದಲು 85 ಲಕ್ಷ ಡಾಲರ್‌ಗೆ ರಾಜಿಯಾಯಿತು. ಆ ಹಣ ಬಳಕೆದಾರರಿಗೆ ಹಂಚಿಕೆಯಾಗದೆ ಸಂಸ್ಥೆಗಳಿಗೆ ಹೋಗುವುದು ಸರಿಯೇ ಎಂಬ ಆಕ್ಷೇಪ ಸುಪ್ರೀಂ ಕೋರ್ಟ್ ಮುಟ್ಟಿತು. 2019ರಲ್ಲಿ ಆ ನ್ಯಾಯಾಲಯ, ದಾವೆ ಹೂಡಿದವರಿಗೆ ಅದನ್ನು ಹೂಡುವ ಹಕ್ಕಿದೆಯೇ ಎಂಬುದನ್ನು ಮೊದಲು ಪರಿಶೀಲಿಸಿರೆಂದು ಹಿಂದಿರುಗಿಸಿತು. ಕೊನೆಗೆ 2 ಕೋಟಿ 30 ಲಕ್ಷ ಡಾಲರ್‌ನ ಹೊಸ ರಾಜಿ ಏರ್ಪಟ್ಟಿತು.

ಉಳಿದ ಪಟ್ಟಿ, ಉಳಿಯದ ಪದಗಳು

ತಾಣದ ಒಡೆಯರಿಗೆ ಎಲ್ಲವೂ ಕತ್ತಲೆಯಾಯಿತೆಂದರೆ ನ್ಯಾಯವಾಗದು. ಇಂದು ‘ಸರ್ಚ್ ಕನ್ಸೋಲ್’ ಎಂಬ ಹೆಸರಿನ ಸೇವೆಯಲ್ಲಿ, ಯಾವ ಪದಗಳಿಂದ ಎಷ್ಟು ಜನ ತಮ್ಮ ಪುಟಕ್ಕೆ ಬಂದರೆಂಬ ಒಟ್ಟು ಲೆಕ್ಕವನ್ನು ಗೂಗಲ್ ಕೊಡುತ್ತದೆ. 2018ರಿಂದ 16 ತಿಂಗಳವರೆಗಿನ ಲೆಕ್ಕ ದೊರೆಯುತ್ತಿದೆ. ಯಾರು ಹುಡುಕಿದರೆಂಬುದು ಇಲ್ಲ, ಏನನ್ನು ಹುಡುಕಿದರೆಂಬುದು ಮಾತ್ರ. ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ಅದರಲ್ಲಿ ಒಂದು ಷರತ್ತಿದೆ. ಎರಡು ಮೂರು ತಿಂಗಳ ಅವಧಿಯಲ್ಲಿ ಕೆಲವು ಡಜನ್‌ಗಿಂತ ಹೆಚ್ಚು ಮಂದಿ ಕೇಳಿರದ ಪ್ರಶ್ನೆಗಳನ್ನು, ಖಾಸಗಿತನದ ದೃಷ್ಟಿಯಿಂದ, ಪಟ್ಟಿಯಲ್ಲಿ ತೋರಿಸುವುದಿಲ್ಲ.

ಇಂಗ್ಲಿಷಿನಲ್ಲಿ ಈ ಹೊಸ್ತಿಲನ್ನು ದಾಟುವುದು ಕಷ್ಟವಲ್ಲ. ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷಕ್ಕೂ ಹೆಚ್ಚು. ಆದರೆ ಕನ್ನಡದಲ್ಲಿ ಹುಡುಕುವಾಗ ನಾವು ಹಲವು ದಾರಿಗಳಾಗಿ ಒಡೆದುಹೋಗುತ್ತೇವೆ. ಒಬ್ಬರು ‘ಸಕ್ಕರೆ ಕಾಯಿಲೆ’ ಎಂದರೆ ಇನ್ನೊಬ್ಬರು ‘ಮಧುಮೇಹ’, ಮತ್ತೊಬ್ಬರು ‘ಶುಗರ್’. ‘ಕಾಮಾಲೆ’ ಎನ್ನುವವರಿದ್ದಾರೆ, ‘ಕಾಮಣಿ’ ಎನ್ನುವವರಿದ್ದಾರೆ, ‘ಜಾಂಡೀಸ್’ ಎನ್ನುವವರಿದ್ದಾರೆ. ಅದನ್ನೇ ಕನ್ನಡ ಲಿಪಿಯಲ್ಲಿ ಬರೆಯುವವರು ಕೆಲವರು, ರೋಮನ್ ಲಿಪಿಯಲ್ಲಿ ನಾಲ್ಕು ಬಗೆಯ ಕಾಗುಣಿತದಲ್ಲಿ ಬರೆಯುವವರು ಹಲವರು. ಒಂದೇ ನೋವು ಹತ್ತು ಪ್ರಶ್ನೆಗಳಾಗಿ ಹಂಚಿಹೋದಾಗ ಪ್ರತಿಯೊಂದೂ ಹೊಸ್ತಿಲಿನ ಕೆಳಗೆ ಉಳಿಯುವ ಸಂಭವ ಹೆಚ್ಚು. ಹೀಗೆ, ವ್ಯಕ್ತಿಯನ್ನು ಕಾಪಾಡಲು ಮಾಡಿದ ನಿಯಮ, ಯಾರ ಉದ್ದೇಶವೂ ಇಲ್ಲದೆ, ಸಣ್ಣ ಭಾಷೆಗಳ ಹಾಗೂ ಪ್ರಾದೇಶಿಕ ನುಡಿಗಳ ದನಿಯನ್ನು ಮೊದಲು ಅಡಗಿಸುತ್ತದೆ.

ವೈದ್ಯಕೀಯಕ್ಕೆ ಈ ಸಮಸ್ಯೆ ಹೊಸದಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ತನ್ನ ಸಾರ್ವಜನಿಕ ದತ್ತಾಂಶದಲ್ಲಿ ಕೌಂಟಿಯೊಂದರ ಸಾವಿನ ಸಂಖ್ಯೆ 9 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದನ್ನು ತೋರಿಸುವುದಿಲ್ಲ. ಸಣ್ಣ ಊರಿನಲ್ಲಿ ಅಪರೂಪದ ಕಾಯಿಲೆಯಿಂದ ಇಬ್ಬರು ಸತ್ತರೆಂದು ಬರೆದರೆ ಹೆಸರು ಬರೆದಂತೆಯೇ ಸರಿ. ಆದರೆ ಅಲ್ಲಿ ಎರಡು ವ್ಯತ್ಯಾಸಗಳಿವೆ. ಮಿತಿ ಎಷ್ಟೆಂಬುದು ಖಚಿತವಾದ ಅಂಕಿಯಲ್ಲಿ ಪ್ರಕಟವಾಗಿದೆ. ಮರೆಮಾಡಿದ ಅಂಕಿಗಳು ನಿಜವಾಗಿ ಬೇಕಾದ ಸಂಶೋಧಕನು ನಿಯಮಬದ್ಧವಾಗಿ ಅರ್ಜಿ ಹಾಕಿ, ಮೇಲ್ವಿಚಾರಣೆಗೆ ಒಳಪಟ್ಟು ಅವುಗಳನ್ನು ನೋಡಲು ದಾರಿಯಿದೆ. ಹುಡುಕುಪದಗಳಿಗೆ ಅಂಥ ದಾರಿ ಇಲ್ಲ. ಎಲ್ಲವನ್ನೂ ಬಲ್ಲವರೂ, ಎಷ್ಟು ತೋರಿಸಬೇಕೆಂದು ನಿರ್ಧರಿಸುವವರೂ, ಜಾಹೀರಾತಿನಿಂದ ಗಳಿಸುವವರೂ ಒಬ್ಬರೇ.

ಹಾಗೆಂದು ಹಳೆಯ ಕಾಲ ಮರಳಿ ಬರಲೆಂದು ನಾವು ಬಯಸುವುದಿಲ್ಲ. ರೋಗಿಯ ಗುಟ್ಟು ದಾರಿಹೋಕರ ಕಿವಿಗೆ ಬೀಳುವ ವ್ಯವಸ್ಥೆ ನಿಂತದ್ದು ಒಳ್ಳೆಯದೇ ಆಯಿತು. ಅದು 1996ರಲ್ಲೇ ಆಗಬೇಕಾಗಿತ್ತು. ನಮ್ಮ ತಕರಾರು ಇಷ್ಟೇ: ಗುಟ್ಟು ಕಾಯುವುದು ಬೇರೆ, ಗುಟ್ಟಿನ ಗುತ್ತಿಗೆ ಹಿಡಿಯುವುದು ಬೇರೆ. ಮಿತಿಯ ಅಂಕಿ ಸ್ಪಷ್ಟವಾಗಿರಬೇಕು. ಒಂದೇ ಅರ್ಥದ ಪದಗಳನ್ನು ಒಟ್ಟುಗೂಡಿಸಿ ಎಣಿಸುವ ಕ್ರಮ ಬರಬೇಕು. ಸಾರ್ವಜನಿಕ ಆರೋಗ್ಯದಂಥ ಉದ್ದೇಶಗಳಿಗೆ ಮೇಲ್ವಿಚಾರಣೆಯೊಡನೆ ಬಾಗಿಲು ತೆರೆಯಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಶೋಧಯಂತ್ರಗಳಿಗಿಂತ ಹಳೆಯದಾದ ಒಂದು ಉಪಾಯ: ಕೇಳಿ ತಿಳಿಯುವುದು. ನಮ್ಮ ಸಂಘದ ಆರೋಗ್ಯ ಪುಟಗಳಿಗಾಗಿ ಓದುಗರಲ್ಲಿ ಒಂದು ವಿನಂತಿ. ಊರಿನಲ್ಲಿರುವ ತಂದೆತಾಯಿಗಳು, ಇಲ್ಲಿರುವ ಹಿರಿಯರು ಯಾವ ಕಾಯಿಲೆಯನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಯಾವ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಹುಡುಕಿ ಸಿಗದೆ ಹೋಯಿತು ಎಂಬುದನ್ನು ನಮಗೆ ಬರೆದು ತಿಳಿಸಿರಿ. ಹೆಸರು ಬೇಡ, ಊರು ಬೇಡ, ಯಾರ ಕಾಯಿಲೆ ಎಂಬುದೂ ಬೇಡ, ಪದವೊಂದೇ ಸಾಕು. ಬಂದ ಪದಗಳನ್ನು ಮುಂದಿನ ಸಂಚಿಕೆಗಳ ಲೇಖನಗಳಲ್ಲಿ ನಾವು ಬಳಸುತ್ತೇವೆ.