ತಪಸ್ಸುಕಾಲದಿಂದ ಪಾಸ್ಕದವರೆಗೆ: ದುಃಖ, ನಂಬಿಕೆ, ನಿರೀಕ್ಷೆಯ ನಲವತ್ತು ದಿನಗಳು

ಮಾವು ಹೂಬಿಟ್ಟು, ಕೆರೆಗಳ ನೀರು ತಳ ಸೇರುವ ಹೊತ್ತಿಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಕ್ರೈಸ್ತ ದೇವಾಲಯಗಳಲ್ಲಿ ತಪಸ್ಸುಕಾಲ ಆರಂಭವಾಗುತ್ತದೆ. ಹಣೆಯ ಮೇಲಿನ ಬೂದಿಯೊಂದಿಗೆ ತೊಡಗುವ ಈ ಅವಧಿ ಈಸ್ಟರ್ ಮುಂಜಾವಿನ ದೀಪದೊಂದಿಗೆ ಮುಗಿಯುತ್ತದೆ. ಕ್ರಿಸ್‌ಮಸ್ಸಿನಷ್ಟು ಸಡಗರ ಹೊರಗೆ ಕಾಣದಿದ್ದರೂ ಕ್ರೈಸ್ತ ಧರ್ಮದ ಪಂಚಾಂಗದಲ್ಲಿ ಇದಕ್ಕಿಂತ ಮಿಗಿಲಾದ ಕಾಲ ಬೇರೊಂದಿಲ್ಲ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣ ಶೇ 1.87. ಈ ಸಣ್ಣ ಸಮುದಾಯ ದುಃಖವನ್ನು ಹೇಗೆ ಎದುರುಗೊಳ್ಳುತ್ತದೆ ಎಂಬುದನ್ನು ಅರಿಯಲು ಈ ನಲವತ್ತು ದಿನಗಳೇ ಸೂಕ್ತ ಕೈಪಿಡಿ.

ದಿನಗಣನೆ ಹೇಗೆ?

ಈಸ್ಟರ್ ಪ್ರತಿ ವರ್ಷ ಒಂದೇ ದಿನಾಂಕದಂದು ಬರುವುದಿಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವಾದರೂ ಆಗಬಹುದು. 2024ರಲ್ಲಿ ಮಾರ್ಚ್ 31ರಂದು, 2025ರಲ್ಲಿ ಏಪ್ರಿಲ್ 20ರಂದು ಹಬ್ಬ ಬಂದಿತ್ತು. ಹಲವು ವರ್ಷಗಳಲ್ಲಿ ಈ ಹುಣ್ಣಿಮೆಯೂ ಬೆಂಗಳೂರು ಕರಗದ ಚೈತ್ರ ಹುಣ್ಣಿಮೆಯೂ ಒಂದೇ ಆಗಿರುವುದುಂಟು.

ಈಸ್ಟರಿಗೆ 46 ದಿನ ಮೊದಲು ಬರುವುದು ಬೂದಿ ಬುಧವಾರ. ನಡುವಿನ ಆರು ಭಾನುವಾರಗಳನ್ನು ಉಪವಾಸದ ಲೆಕ್ಕಕ್ಕೆ ಹಿಡಿಯದ ಕಾರಣ ಉಳಿಯುವುದು ನಲವತ್ತು ದಿನ. ಯೇಸು ಅರಣ್ಯದಲ್ಲಿ ಕಳೆದ ನಲವತ್ತು ದಿನಗಳ ಉಪವಾಸದ ನೆನಪು ಈ ಸಂಖ್ಯೆಯಲ್ಲಿದೆ.

ಪ್ರಾರ್ಥನೆ, ಉಪವಾಸ, ದಾನ

ಹಿಂದಿನ ವರ್ಷದ ಗರಿಗಳ ಭಾನುವಾರದಂದು ಭಕ್ತರು ಮನೆಗೆ ಒಯ್ದಿದ್ದ ಗರಿಗಳನ್ನು ಸುಟ್ಟು ಬೂದಿ ಮಾಡುವುದು ಕಥೋಲಿಕರ ಪದ್ಧತಿ. ಜಯಘೋಷಕ್ಕೆ ಹಿಡಿದ ಹಸಿರು ಗರಿಯೇ ಮರುವರ್ಷ ಮಣ್ಣಾಗುವ ದೇಹವನ್ನು ನೆನಪಿಸುವ ಬೂದಿಯಾಗುತ್ತದೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು 18ರಿಂದ 59 ವರ್ಷದವರೆಗಿನವರು ಉಪವಾಸ ಆಚರಿಸಬೇಕು, 14 ವರ್ಷ ದಾಟಿದವರು ಮಾಂಸ ವರ್ಜಿಸಬೇಕು ಎಂಬುದು ಕಥೋಲಿಕ ಧರ್ಮಸಭೆಯ ನಿಯಮ. ಉಪವಾಸದಿಂದ ಉಳಿದದ್ದು ಹಸಿದವರಿಗೆ ಸಲ್ಲಬೇಕು. ದಾನವಿಲ್ಲದ ಉಪವಾಸ ಅಪೂರ್ಣ ಎಂಬುದು ಇದರ ಹಿಂದಿನ ಆಶಯ.

ಈ ಅವಧಿಯಲ್ಲಿ ಪೂಜಾವಸ್ತ್ರದ ಬಣ್ಣ ನೇರಳೆ. ‘ಅಲ್ಲೆಲೂಯ’ ಎಂಬ ಹರ್ಷದ ಘೋಷ ನಿಂತುಹೋಗುತ್ತದೆ. ಶುಕ್ರವಾರಗಳಂದು ಯೇಸುವಿನ ಮರಣದಂಡನೆಯ ತೀರ್ಪಿನಿಂದ ಸಮಾಧಿಯವರೆಗಿನ ಹದಿನಾಲ್ಕು ಸ್ಥಳಗಳನ್ನು ಧ್ಯಾನಿಸುವ ಶಿಲುಬೆ ಹಾದಿ ನಡೆಯುತ್ತದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬೂದಿಗಿಂತ ಬೈಬಲ್ ಪಠಣ, ಉಪದೇಶ, ಮನೆಮನೆಯ ಪ್ರಾರ್ಥನೆಗಳಿಗೆ ಹೆಚ್ಚು ಒತ್ತು.

ಈ ನೆಲದ ನಂಟು

ಈ ಭಾಗಕ್ಕೆ ಕ್ರೈಸ್ತ ಆಚರಣೆಗಳು ಹೊಸತಲ್ಲ. 18ನೇ ಶತಮಾನದ ಆರಂಭದಲ್ಲಿಯೇ ಕರ್ನಾಟಿಕ್ ಮಿಷನ್ನಿನ ಫ್ರೆಂಚ್ ಜೆಸ್ವಿಟ್ ಪಾದ್ರಿಗಳು ದೇವನಹಳ್ಳಿ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸಂಚರಿಸಿದ್ದರು. ಸನ್ಯಾಸಿಗಳ ಉಡುಪು ತೊಟ್ಟು, ಮಾಂಸಾಹಾರ ತೊರೆದು ಬಾಳಿದ ಅವರು ಸ್ವದೇಶಕ್ಕೆ ಬರೆದ ಪತ್ರಗಳು ಪ್ಯಾರಿಸ್‌ನಲ್ಲಿ ಅಚ್ಚಾದವು. ನಲವತ್ತು ದಿನಗಳ ವ್ರತಕ್ಕೆ ಕನ್ನಡದ ಕಥೋಲಿಕರು ಬಳಸುವ ‘ತಪಸ್ಸು’ ಎಂಬ ಪದ ನಾಡಿನ ಎಲ್ಲರಿಗೂ ಪರಿಚಿತವಾದುದು ಎಂಬುದು ಗಮನಾರ್ಹ.

ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. 1940ರಲ್ಲಿ ಬೆಂಗಳೂರು ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. 1953ರಲ್ಲಿ ಮಹಾಧರ್ಮಪ್ರಾಂತ್ಯವಾದ ಅದರ ವ್ಯಾಪ್ತಿಯಲ್ಲಿ ಗ್ರಾಮಾಂತರ ಜಿಲ್ಲೆಯೂ ಸೇರಿದೆ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಲ್ಯಾಟಿನ್ ಪೂಜೆಯ ಜಾಗಕ್ಕೆ ಜನರ ನುಡಿ ಬಂದಿತು. ಅಲ್ಲಿಂದ ಮುಂದೆ ಯೇಸುವಿನ ಪಾಡುಗಳ ಕಥನವನ್ನು ಹಳ್ಳಿಯ ಜನ ದೇವಾಲಯದೊಳಗೆ ತಮ್ಮ ಮಾತಿನಲ್ಲೇ ಕೇಳುವಂತಾಯಿತು.

2007ರವರೆಗೆ ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಈ ಕಥನ ರಂಗಕ್ಕೂ ಏರಿದೆ. ಕಥೋಲಿಕರೇ ಹೆಚ್ಚಾಗಿರುವ ಈ ಗ್ರಾಮದಲ್ಲಿ ಶುಭ ಶುಕ್ರವಾರದ ಆಸುಪಾಸಿನಲ್ಲಿ ಊರವರೇ ಪಾತ್ರ ವಹಿಸಿ ಕ್ರಿಸ್ತನ ಪಾಡುಗಳ ನಾಟಕ ಆಡುವುದು ತಲೆಮಾರುಗಳಿಂದ ನಡೆದುಬಂದ ವಾಡಿಕೆ. ಊರಿನ ಕಪಾಲಬೆಟ್ಟ 2019ರ ಡಿಸೆಂಬರಿನಲ್ಲಿ ಏಸು ಪ್ರತಿಮೆಯ ವಿವಾದದಿಂದ ರಾಜ್ಯದಾದ್ಯಂತ ಸುದ್ದಿಯಾಯಿತು. ಆದರೆ ಊರಿನ ಹಿರಿಯರಿಗೆ ಅದು ಮೊದಲಿನಿಂದಲೂ ಶಿಲುಬೆಯ ಧ್ಯಾನದ ಬೆಟ್ಟ.

ಅಳುವಿಗೂ ಅವಕಾಶ

ದುಃಖಿಸುವವರನ್ನು ‘ಅಳಬೇಡಿ’ ಎಂದು ತಡೆಯುವುದು ಲೋಕರೂಢಿ. ಪವಿತ್ರ ವಾರದ ಪಾಠಗಳು ಈ ರೂಢಿಗೆ ಹೊರತಾಗಿವೆ. ಗೆಳೆಯ ಲಾಜರನ ಸಮಾಧಿಯ ಮುಂದೆ ಯೇಸು ಕಣ್ಣೀರಿಡುತ್ತಾನೆ. ಗೆತ್ಸೆಮನೆ ತೋಟದಲ್ಲಿ ಸಂಕಟದ ಪಾತ್ರೆ ತನ್ನಿಂದ ದೂರವಾಗಲೆಂದು ಬೇಡುತ್ತಾನೆ. ಶಿಲುಬೆಯ ಮೇಲೆ ದೇವರೇ ತನ್ನನ್ನು ತೊರೆದನೇ ಎಂದು ಕೂಗುತ್ತಾನೆ. ಈ ಕೂಗು 22ನೇ ಕೀರ್ತನೆಯ ಮೊದಲ ಮಾತು. ಬೈಬಲಿನ 150 ಕೀರ್ತನೆಗಳ ಪೈಕಿ ಸುಮಾರು ಮೂರನೆಯ ಒಂದು ಭಾಗ ಇಂತಹ ಪ್ರಲಾಪಗಳೇ ಆಗಿವೆ. ದೇವರೊಂದಿಗೆ ದೂರು ಹೇಳಿಕೊಳ್ಳುವುದು ಅವಿಶ್ವಾಸವಲ್ಲ, ಕೇಳುವವನಿದ್ದಾನೆ ಎಂಬ ನಂಬಿಕೆಯಿಂದಲೇ ದೂರು ಹುಟ್ಟುತ್ತದೆ ಎಂಬುದು ಧರ್ಮಬೋಧಕರ ವ್ಯಾಖ್ಯಾನ.

ಕ್ರೈಸ್ತನಲ್ಲದ ಕನ್ನಡದ ಕವಿಯೊಬ್ಬರನ್ನೂ ಈ ದುಃಖ ಕಾಡಿದೆ. ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಮಂಜೇಶ್ವರದ ಗೋವಿಂದ ಪೈ ಅವರು ಕ್ರಿಸ್ತನ ಕೊನೆಯ ದಿನವನ್ನು ವಸ್ತುವಾಗಿಸಿ ‘ಗೊಲ್ಗೊಥಾ’ ಖಂಡಕಾವ್ಯ ಬರೆದರು. ಬುದ್ಧನ ಕೊನೆಯ ದಿನವನ್ನು ಕುರಿತ ‘ವೈಶಾಖಿ’ಯೂ ಅವರದೇ ಕೃತಿ.

ನಡುವಿನ ಶನಿವಾರ

ಶುಭ ಶುಕ್ರವಾರದಂದು ಕಥೋಲಿಕ ದೇವಾಲಯಗಳಲ್ಲಿ ಬಲಿಪೂಜೆ ಇರುವುದಿಲ್ಲ. ಪಾಡುಗಳ ವಾಚನ, ಶಿಲುಬೆಗೆ ನಮನ ಇಷ್ಟೇ. ಕೆಲವೆಡೆ ಬಂದವರಿಗೆಲ್ಲ ಗಂಜಿ ಹಂಚುವ ರೂಢಿಯಿದೆ. ಹಲವು ಪ್ರೊಟೆಸ್ಟೆಂಟ್ ದೇವಾಲಯಗಳಲ್ಲಿ ಯೇಸು ಶಿಲುಬೆಯ ಮೇಲಾಡಿದ ಏಳು ಮಾತುಗಳ ಧ್ಯಾನ ಮಧ್ಯಾಹ್ನ ಮೂರರವರೆಗೆ ನಡೆಯುತ್ತದೆ.

ಮರುದಿನ ಪವಿತ್ರ ಶನಿವಾರ. ಬಲಿಪೀಠದ ಮೇಲೆ ಹೂವಿಲ್ಲ, ಹಗಲಲ್ಲಿ ಪೂಜೆಯಿಲ್ಲ. ಸಾವು ಸಂಭವಿಸಿಯಾಗಿದೆ, ಉತ್ತರ ಇನ್ನೂ ಬಂದಿಲ್ಲ. ಆಪ್ತರನ್ನು ಮಣ್ಣುಮಾಡಿ ಮನೆಗೆ ಮರಳಿದವರು ಬಲ್ಲ ಬರಿದು ದಿನವಿದು. ದುಃಖಕ್ಕೂ ಸಮಾಧಾನಕ್ಕೂ ನಡುವೆ ಒಂದು ಪೂರ್ಣ ದಿನವನ್ನು ಮೌನಕ್ಕೆ ಬಿಟ್ಟಿರುವುದು ಈ ಆಚರಣೆಯ ವಿವೇಕ.

ಇತ್ತೀಚಿನ ವರ್ಷಗಳಲ್ಲಿ ಈ ಶನಿವಾರದ ಅರ್ಥ ಜಿಲ್ಲೆಗೆ ಹತ್ತಿರವಾಗಿದೆ. 2019ರ ಏಪ್ರಿಲ್ 21ರ ಈಸ್ಟರ್ ದಿನ ಶ್ರೀಲಂಕಾದ ಚರ್ಚ್‌ಗಳು ಹಾಗೂ ಹೋಟೆಲ್‌ಗಳಲ್ಲಿ ನಡೆದ ಬಾಂಬ್ ಸ್ಫೋಟಗಳಲ್ಲಿ 250ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಲೋಕಸಭಾ ಚುನಾವಣೆಯ ಪ್ರಚಾರ ಮುಗಿಸಿ ಕೊಲಂಬೊಗೆ ತೆರಳಿದ್ದ ನೆಲಮಂಗಲ ಭಾಗದ ಜೆಡಿಎಸ್ ಕಾರ್ಯಕರ್ತರು ಮೃತರಲ್ಲಿ ಸೇರಿದ್ದರು. ಪ್ರಾರ್ಥನೆಗೆಂದು ಕುಳಿತಿದ್ದ ಕ್ರೈಸ್ತ ಕುಟುಂಬಗಳಿಗೂ ಪ್ರವಾಸಕ್ಕೆ ಹೋಗಿದ್ದ ಈ ನೆಲದ ಮಕ್ಕಳಿಗೂ ಸಾವು ಒಂದೇ ಬೆಳಗಿನಲ್ಲಿ ಬಂದಿತು. ದುಃಖಕ್ಕೆ ಧರ್ಮದ ಗಡಿಯಿಲ್ಲ ಎಂಬ ಮಾತು ಅಂದು ಬರಿಯ ಮಾತಾಗಿ ಉಳಿಯಲಿಲ್ಲ.

ಮರುವರ್ಷ ಕೊರೊನಾ. 2020ರ ಏಪ್ರಿಲ್ 12ರ ಈಸ್ಟರ್ ಲಾಕ್‌ಡೌನ್ ನಡುವೆ ಬಂದಿತು. ದೇವಾಲಯಗಳ ಬಾಗಿಲು ಮುಚ್ಚಿತ್ತು. ಭಕ್ತರು ಮನೆಯಲ್ಲೇ ದೂರದರ್ಶನ, ಮೊಬೈಲ್‌ಗಳ ಮುಂದೆ ಕುಳಿತು ಪ್ರಾರ್ಥಿಸಿದರು. 2021ರ ಏಪ್ರಿಲ್ 4ರ ಈಸ್ಟರ್ ಕಳೆದ ಕೆಲವೇ ವಾರಗಳಲ್ಲಿ ಎರಡನೆಯ ಅಲೆ ಬೆಂಗಳೂರು ಸುತ್ತಮುತ್ತಲ ಸ್ಮಶಾನಗಳನ್ನು ತುಂಬಿತು. ಕೊನೆಯ ಬಾರಿ ಮುಖ ನೋಡುವ ಅವಕಾಶವೂ ಅನೇಕರಿಗೆ ದೊರೆಯಲಿಲ್ಲ.

ನಿರೀಕ್ಷೆ ಎಂಬ ಪದ

ಕನ್ನಡ ಬೈಬಲಿನಲ್ಲಿ ನಂಬಿಕೆ, ಪ್ರೀತಿಗಳ ಜೊತೆಗೆ ಬರುವ ಮೂರನೆಯ ಪದ ‘ನಿರೀಕ್ಷೆ’. ಆಡುಮಾತಿನಲ್ಲಿ ನಿರೀಕ್ಷೆಯೆಂದರೆ ಎದುರು ನೋಡುವುದು. ಮಳೆಯ ನಿರೀಕ್ಷೆ, ಬಸ್ಸಿನ ನಿರೀಕ್ಷೆ. ಕ್ರೈಸ್ತ ಬಳಕೆಯಲ್ಲಿ ಅದು ಎಲ್ಲವೂ ಸರಿಹೋದೀತು ಎಂಬ ಹಗುರ ಆಶಾಭಾವವಲ್ಲ. ಕತ್ತಲೆ ಕರಗುವ ಮೊದಲೇ ಬೆಳಕಿನ ಕಡೆ ಮುಖಮಾಡಿ ಕಾಯುವುದು.

ಶನಿವಾರ ರಾತ್ರಿಯ ಜಾಗರಣೆ ಇದನ್ನೇ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ದೇವಾಲಯದ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಕದ ಮೇಣದ ದೀಪ ಬೆಳಗಿಸಲಾಗುತ್ತದೆ. ಆ ದೀಪದ ಮೇಲೆ ಶಿಲುಬೆಯ ಗುರುತು, ಆಯಾ ವರ್ಷದ ಅಂಕಿ, ಕ್ರಿಸ್ತನ ಐದು ಗಾಯಗಳನ್ನು ಸೂಚಿಸುವ ಐದು ಧೂಪದ ಕಾಳುಗಳು ಇರುತ್ತವೆ. ಗಾಯಗಳನ್ನು ಅಳಿಸದೆಯೇ ದೀಪ ಉರಿಯುತ್ತದೆ. ಒಬ್ಬರ ದೀಪದಿಂದ ಇನ್ನೊಬ್ಬರ ದೀಪಕ್ಕೆ ಬೆಂಕಿ ಹಾಯ್ದು ದೇವಾಲಯ ಬೆಳಗುತ್ತದೆ.

ಪುನರುತ್ಥಾನದ ಕಥನಗಳಲ್ಲಿಯೂ ಆನಂದ ಒಮ್ಮೆಲೇ ಬರುವುದಿಲ್ಲ. ಮಗ್ದಲದ ಮರಿಯಳು ಬರಿದಾದ ಸಮಾಧಿಯ ಬಳಿ ಅಳುತ್ತಲೇ ನಿಂತಿರುತ್ತಾಳೆ. ಎಮ್ಮಾವುಸಿನ ದಾರಿಯಲ್ಲಿ ಇಬ್ಬರು ಶಿಷ್ಯರು ಜೊತೆಗೆ ನಡೆಯುವವನನ್ನು ಗುರುತಿಸುವುದಿಲ್ಲ. ಭಾರತಕ್ಕೆ ಬಂದನೆಂದು ಪರಂಪರೆ ಹೇಳುವ ತೋಮನು ಗಾಯವನ್ನು ಮುಟ್ಟದೆ ನಂಬಲಾರೆನೆನ್ನುತ್ತಾನೆ. ಈಸ್ಟರ್ ಕಳೆದ ಮುಂದಿನ ಭಾನುವಾರ ಕಥೋಲಿಕ ದೇವಾಲಯಗಳಲ್ಲಿ ಓದುವುದು ಈ ತೋಮನ ಪ್ರಸಂಗವನ್ನೇ. ತಡವಾಗಿ ನಂಬುವವರಿಗೂ ಇಲ್ಲಿ ಸ್ಥಳವಿದೆ.

ಪಾಸ್ಕ ಕಾಲ ಒಂದು ದಿನಕ್ಕೆ ಮುಗಿಯುವುದಿಲ್ಲ. ಪಂಚಾಶತ್ತಮದ ಹಬ್ಬದವರೆಗೆ ಐವತ್ತು ದಿನ ಮುಂದುವರಿಯುತ್ತದೆ. ದುಃಖಕ್ಕೆ ನಲವತ್ತು ದಿನ, ಹರ್ಷಕ್ಕೆ ಐವತ್ತು ದಿನ. ಹರ್ಷದ ದಿನಗಳು ಹತ್ತು ಹೆಚ್ಚು ಎಂಬುದರಲ್ಲೇ ಈ ಕಾಲದ ಸಂದೇಶ ಅಡಗಿದೆ.